ಪಟ್ಟಿ ತೋರಿಸುವ ಮಾವ

ನಮ್ಮ ಸೋದರಮಾವನ ಅಂಗಡಿಗೆ ಕಂಪ್ಯೂಟರ್ ಕೊಳ್ಳಲು ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಕೆರೂರಿನ ಬಸ್ ನಿಲ್ದಾಣದ ಹತ್ತಿರವೇ ಅಂಗಡಿ. ಆದರೆ ಹತ್ತು ಗಂಟೆಗೆ ಒಳಹೊಕ್ಕವರು ಹತ್ತೂವರೆಯ ಬಸ್ಸಿಗೆ ಹೊರಬಿದ್ದ ದಾಖಲೆ ಇಲ್ಲ!

ಮಾವ ಮಾರುವುದು ರಿಪೇರಿ ಮಾಡಿದ ಹಳೆಯ ಕಂಪ್ಯೂಟರುಗಳನ್ನು. ಅವುಗಳಿಗೆ ಪುಕ್ಕಟೆ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತಾನೆ. ಪತ್ರ ಬರೆಯಲು, ಫೋಟೊ ನೋಡಲು ಬೇಕಾದ ನಾಲ್ಕಾರು ಸಾಫ್ಟ್‌ವೇರ್‌ಗಳು ಅದರ ಜೊತೆಗೇ ಬರುತ್ತವೆ. ಉಳಿದ ಸಾವಿರಾರು ಒಂದು ಪಟ್ಟಿಯಲ್ಲಿ ಕುಳಿತಿರುತ್ತವೆ. ಬೇಕೆಂದವರು ಹುಡುಕಿ, ಗುಂಡಿ ಒತ್ತಿ ಇಳಿಸಿಕೊಳ್ಳಬೇಕು. ಹೀಗೊಂದು ಪಟ್ಟಿ ಇದೆಯೆಂಬುದನ್ನೇ ಅರಿಯದೆ ಮಂದಿ ಸುಖವಾಗಿದ್ದಾರೆ. ಆ ಸುಖವನ್ನು ಕೆಡಿಸುವುದೇ ನಮ್ಮ ಮಾವನ ಕಾಯಕ.

ಕುಳಗೇರಿ ಕ್ರಾಸಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಚಾಚಾ ಒಬ್ಬರು ಬಿಲ್ ಮಾಡಲು ಒಂದು ಕಂಪ್ಯೂಟರ್ ಕೇಳಿಕೊಂಡು ಬಂದರು. ಮಾವ ಪಟ್ಟಿ ತೆರೆದು ಆಕಾಶದ ನಕ್ಷತ್ರ ತೋರಿಸುವ ಸಾಫ್ಟ್‌ವೇರ್ ಮುಂದಿಟ್ಟ. ಟೈರ್ ಮಾರುವ ತನಗೆ ಇದೇಕೆ ಎಂದು ಅವರು ಕೇಳಿದರಂತೆ.

“ಟೈರ್ ಮಾರೋರಿಗೆ ಆಕಾಶ ಇರೂದಿಲ್ಲೇನ್ರಿ?” ಎಂದ ಮಾವ.

ಈಗ ಅಲ್ಲಿ ಟೈರ್ ತೋರಿಸಲು ನಿಂತ ಲಾರಿ ಚಾಲಕರು ಶನಿ ಎಲ್ಲಿದ್ದಾನೆಂದು ತಿಳಿದುಕೊಂಡೇ ಮುಂದೆ ಹೋಗಬೇಕು. ಒಬ್ಬ ಚಾಲಕನಂತೂ, ಶನಿ ಸರಿಯಾಗಿ ತನ್ನ ಲಾರಿಯ ನೆತ್ತಿಯ ಮೇಲೇ ಇದ್ದಾನೆಂದು ಕೇಳಿ ಆರೂ ಟೈರ್ ಬದಲಿಸಿಕೊಂಡು ಹೋದನಂತೆ!

ಮನೆಯವರನ್ನಾದರೂ ಬಿಟ್ಟನೇ? ನನ್ನ ಅವ್ವನಿಗೆ ಬೇಕಾಗಿದ್ದದ್ದು ಮೊಮ್ಮಕ್ಕಳ ಫೋಟೊ ನೋಡುವುದಷ್ಟೇ. ಮಾವ ತನ್ನ ಈ ಅಕ್ಕನ ಕೈಯಿಂದಲೇ ಗುಂಡಿ ಒತ್ತಿಸಿ ಟೈಪಿಂಗ್ ಕಲಿಸುವ ಆಟವೊಂದನ್ನು ಇಳಿಸಿದ. ಮೇಲಿನಿಂದ ಅಕ್ಷರಗಳು ಉದುರುತ್ತವೆ, ನೆಲ ಮುಟ್ಟುವುದರೊಳಗೆ ಅದೇ ಕೀಲಿ ಒತ್ತಬೇಕು. ಅವ್ವ ಒಂದು ಅಕ್ಷರವನ್ನೂ ನೆಲಕ್ಕೆ ಬೀಳಗೊಡಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಮಾತ್ರ ಕರಕಲು ಮಾಡಿದಳು. ಅದನ್ನು ಮುರಿಯುತ್ತ ಅಪ್ಪ, ನಿನ್ನ ತಮ್ಮನ ಪಟ್ಟಿಯಲ್ಲಿ ರೊಟ್ಟಿ ಬೇಯಿಸುವುದೂ ಇದೆಯೋ ಕೇಳು ಎಂದ. ಅವ್ವ ನಿಜವಾಗಿಯೂ ಫೋನ್ ಮಾಡಿದಳು. ಮಾವ ನಿಜವಾಗಿಯೂ ಹುಡುಕಿದ!

ಕೇಳಿದ್ದಷ್ಟನ್ನು ಹಾಕಿಕೊಟ್ಟು ಮಂದಿಯನ್ನು ಕಳಿಸಬಾರದೇ ಎಂದು ನಾನೊಮ್ಮೆ ಅವನನ್ನು ಕೇಳಿದೆ. ಮಾವನಿಗೆ ಬೇಸರವಾಯಿತು.

“ಮನಿ ಕೊಟ್ಟು ಪಡಸಾಲಿ ಅಷ್ಟ ತೋರಿಸಿ ಕಳಿಸಿದ್ರ ಹ್ಯಾಂಗೋ? ಒಳಗಿನ ಖೋಲಿ ಅವರಿಗೆ ಗೊತ್ತಾಗೂದರ ಹ್ಯಾಂಗ?”

ನಾನು ನಕ್ಕೆ. ಊರವರಿಗೆಲ್ಲ ಈ ಮಾತನ್ನು ಅಭಿನಯಿಸಿ ತೋರಿಸಿ ನಗಿಸಿದ್ದೂ ಉಂಟು.

ಕಳೆದ ವರ್ಷ ನಾನು ಅಂಗಡಿಯಲ್ಲಿ ಕುಳಿತಿದ್ದಾಗ ಬಾಗಲಕೋಟೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಜೊತೆಗೆ ಅವಳ ಅಣ್ಣ, ಅವನ ಕೈಯಲ್ಲಿ ಅವಳ ಲ್ಯಾಪ್‌ಟಾಪ್. ಮನೆಯಲ್ಲೇ ಕುಳಿತು ಕನ್ನಡ ಟೈಪಿಂಗ್ ಮಾಡಿಕೊಡುವುದು ಅವಳ ಉದ್ಯೋಗ. ಕಣ್ಣು ದಿನದಿನಕ್ಕೆ ಮಂಜಾಗುತ್ತ ಬಂದು, ಇನ್ನು ಸುಧಾರಿಸುವುದಿಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಕೀಲಿಗಳೆಲ್ಲ ಬೆರಳಿಗೆ ಗೊತ್ತು, ಬರೆದದ್ದು ತಪ್ಪೋ ಸರಿಯೋ ಮಾತ್ರ ಕಾಣುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪನ್ನು ಮಾರಿಬಿಡಲು ಬಂದಿದ್ದಳು.

ಮಾವ ಬೆಲೆಯ ಮಾತೆತ್ತಲಿಲ್ಲ. ಅದನ್ನು ತೆರೆದು ನೋಡಿದ. ತಾನು ಹಾಕಿಕೊಡುವ ಆ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮೇ ಅದರಲ್ಲೂ ಇತ್ತು. ಪಟ್ಟಿ ಹುಡುಕತೊಡಗಿದ. ಅವನು ಒಂದೊಂದನ್ನೂ ವರ್ಣಿಸದೆ ಪಟ್ಟಿ ನೋಡಿದ್ದನ್ನು ನಾನು ಕಂಡದ್ದು ಅಂದೇ. ಏನನ್ನೋ ಇಳಿಸಿ, ಲ್ಯಾಪ್‌ಟಾಪನ್ನು ಅವಳತ್ತ ಸರಿಸಿ, ನಿನ್ನ ಊರಿನ ಹೆಸರು ಬರಿಯವಾ ಎಂದ.

ಅವಳು ಬರೆದಳು. ಯಂತ್ರ ಕೀರಲು ದನಿಯಲ್ಲಿ ಓದಿತು: “ಬಾಗಲಕೋತಿ.”

ನಮ್ಮ ಕಡೆ ಅನ್ನುವಂತೆ ಬಾಗಲಕೋಟಿ ಎಂದು ಬರೆಯಹೋಗಿ, ಬೆರಳು ತಪ್ಪಿ ಕೋಟಿ ಕೋತಿಯಾಗಿತ್ತು. ಅವಳು ನಕ್ಕುಬಿಟ್ಟಳು. ಆಮೇಲೆ ನಗು ನಿಂತಿತು. ತಪ್ಪು ತನಗೇ ತಿಳಿಯಿತು ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಅಳಿಸಿ, ಮತ್ತೆ ಬರೆದಳು. ಯಂತ್ರ ಈ ಸಲ ಸರಿಯಾಗಿ ಓದಿತು.

“ಇದು ಮೊದಲಿಂದನೂ ಇದರಾಗ ಇತ್ತೇನ್ರಿ?” ಎಂದು ಮೆಲ್ಲಗೆ ಕೇಳಿದಳು.

“ಪಟ್ಟಿಯಾಗ ಇತ್ತವಾ. ನಿನಗ ಯಾರೂ ಹೇಳಿದ್ದಿಲ್ಲ, ಅಷ್ಟ.”

ಅಣ್ಣ ಮುಖ ತಿರುಗಿಸಿ ರಸ್ತೆ ನೋಡುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ, ಇನ್ನು ಹೋಗೋಣವೇ ಎಂದು ಬಂದ. ಅವಳು ತಲೆ ಎತ್ತಲಿಲ್ಲ.

“ತಡಿ ಅಣ್ಣಾ, ಇನ್ನೊಂದೀಟು ಬರೀತೇನಿ.”

ಮಾವ ಸದ್ದಿಲ್ಲದೆ ಕೈ ಚಾಚಿ ಪರದೆಯ ಬೆಳಕನ್ನು ಪೂರ್ತಿ ಆರಿಸಿದ. ಕಪ್ಪು ಪರದೆಯ ಮುಂದೆ ಅವಳ ಬೆರಳುಗಳು ಓಡುತ್ತಲೇ ಇದ್ದವು, ಯಂತ್ರ ಓದುತ್ತಲೇ ಇತ್ತು.