ಮೊಮ್ಮಗಳ ಸೀಟು, ನನ್ನ ದಲ್ಲಾಳಿತನ

ನಾನು ಹೋದ ಕಡೆ ಏನಾದರೂ ಒಂದು ಆಗೇ ಆಗುತ್ತೆ. ಆಗದೇ ಇದ್ದಿದ್ದರೆ ಜನ ನನ್ನನ್ನು ಯಾಕೆ ಜೊತೆಗೆ ಕರ್ಕೊಂಡು ಹೋಗ್ತಿದ್ರು? ಸವಳಂಗದ ಹತ್ತಿರದ ಹಳ್ಳಿಯೋನು ನಾನು. ಶಾಲೆ ಮೆಟ್ಟಿಲು ಹತ್ತಿದೋನಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೋನು. ಹಂಗಾಗಿ ನಾನು ಮೊದಲು ಓದಿದ ಪದ ‘ಹೊನ್ನಾಳಿ’. ಚನ್ನಗಿರಿಯಿಂದ ಜಗಳೂರಿನವರೆಗೆ ನಲವತ್ತು ವರ್ಷ ದನದ ದಲ್ಲಾಳಿ ಆಗಿದ್ದೆ. ಜಗಳೂರಲ್ಲಿ ಒಂದು ಕುಂಟೆತ್ತನ್ನು ‘ಇದು ಕುಣಿಯೋ ಎತ್ತು’ ಅಂತ ಮಾರಿದೆ. ಕೊಂಡೋನು ಮರುವಾರ ಅದಕ್ಕೆ ಜೋಡಿ ಹುಡುಕಿಕೊಂಡು ನನ್ನ ಹತ್ತಿರಾನೇ ಬಂದ. ಇಂಥಾ ನಾನಿರುವಾಗ ಮೊಮ್ಮಗಳಿಗೆ ಕಾಲೇಜಿನ ಸೀಟು ಕೊಡಿಸೋದು ಯಾವ ಮಹಾ ಕೆಲಸ ಅಂದ್ಕೊಂಡಿದ್ದೆ.

ಅವಳಿಗೆ ದನದ ಡಾಕ್ಟರಾಗೋ ಆಸೆ. ನನ್ನ ಮಗನಿಗೆ ಮಗಳು ಎಂಜಿನಿಯರ್ ಆಗಲಿ ಅಂತ.

“ಎಂಜಿನಿಯರ್ ಆದ್ರೆ ಫ್ಯಾನಿನ ಕೆಳಗೆ ಕೂರ್ತೀಯ ಕಣೇ. ದನದ ಡಾಕ್ಟರಾದ್ರೆ ಎಮ್ಮೆ ಹಿಂದೆ ನಿಲ್ಲಬೇಕು” ಅಂದ.

“ಎಮ್ಮೆ ಒದ್ದರೂ ಬಯ್ಯಲ್ಲ ಅಪ್ಪಾಜಿ” ಅಂದಳು ಅವಳು.

ಕೊನೆಗೆ ಒಂದು ಒಪ್ಪಂದ ಆಯ್ತು. ಸರ್ಕಾರಿ ಸೀಟು ಸಿಕ್ಕರೆ ದನದ ಡಾಕ್ಟರು, ಸಿಗದಿದ್ದರೆ ತೆಪ್ಪಗೆ ಎಂಜಿನಿಯರು.

ನಲವತ್ತು ಲೀಟರಿನ ಎಮ್ಮೆ

ಸ್ಕಾಲರ್‌ಶಿಪ್ಪಿಗೆ ಆದಾಯದ ಸರ್ಟಿಫಿಕೇಟ್ ಬೇಕಾಗಿತ್ತು. ವಿಚಾರಣೆಗೆ ಅಂತ ಗ್ರಾಮ ಲೆಕ್ಕಿಗರು ಮನೆಗೇ ಬಂದರು. ಮಗ ಹೊಲಕ್ಕೆ ಹೋಗಿದ್ದ. ನಾನೇ ಚಾಪೆ ಹಾಸಿ ಕೂರಿಸಿದೆ.

“ಅಜ್ಜಾರೇ, ಉತ್ಪನ್ನ ಹೆಂಗೈತೆ?” ಅಂದರು.

ಮನೆಗೆ ಬಂದೋರ ಮುಂದೆ ಬಡತನ ಹೇಳ್ಕೊಂಡ ವಂಶ ನಮ್ಮದಲ್ಲ. “ನಮಗೇನ್ರೀ ಕಮ್ಮಿ? ಮೆಕ್ಕೆಜೋಳ ಹಾಕಿದ್ರೆ ತೆನೆ ನನ್ನ ತೋಳಿನಷ್ಟು ಬರುತ್ತೆ. ಎಮ್ಮೆ ದಿನಕ್ಕೆ ನಲವತ್ತು ಲೀಟರ್. ಕರೆಯಾಕೆ ಇಬ್ಬರು ಬೇಕು, ಒಬ್ಬರ ಕೈ ಸೋತ್ರೆ ಇನ್ನೊಬ್ಬರು ಕೂರಬೇಕು.”

ಒಳಗೆ ಮೊಮ್ಮಗಳು ಜೋರಾಗಿ ಕೆಮ್ಮಿದಳು. ನೀರು ಕುಡಿಯವ್ವ ಅಂದೆ.

ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. “ಹಿಂಗಾದ್ರೆ ಸರ್ಕಾರ ನಿಮಗೆ ಸ್ಕಾಲರ್‌ಶಿಪ್ ಕೊಡೋದಲ್ಲ ಅಜ್ಜಾರೇ, ನೀವೇ ಸರ್ಕಾರಕ್ಕೆ ಕೊಡಬೇಕಾಗುತ್ತೆ.”

ಅಷ್ಟರಲ್ಲಿ ಮೊಮ್ಮಗಳು ಚಾ ತಂದು ಇಟ್ಟಳು. ಕರ್ರಗಿತ್ತು. “ಬೇಜಾರಾಗಬೇಡ್ರಿ ಸಾರ್, ಎಮ್ಮೆ ಹಾಲು ಬತ್ತಿ ಮೂರು ತಿಂಗಳಾತು” ಅಂದಳು.

ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಕ್ಯಾಪ್ ತೆರೆದರು. ನಮ್ಮ ಮನೆ ಮಾನ ಹೋಯ್ತು, ಸರ್ಟಿಫಿಕೇಟ್ ಬಂತು.

ಬೇಕಾದ್ದರ ಕಡೆ ನೋಡಬಾರದು

ಆಮೇಲೆ ಹೊನ್ನಾಳಿಯ ಕಂಪ್ಯೂಟರ್ ಅಂಗಡಿಗೆ ಹೋದ್ವಿ. ಯಾವ ಯಾವ ಕಾಲೇಜು ಬೇಕು ಅಂತ ಒಂದರ ಕೆಳಗೊಂದು ತುಂಬಬೇಕಂತೆ. ಮೊಮ್ಮಗಳು ದನದ ಡಾಕ್ಟರ್ ಓದನ್ನೇ ಮೊದಲು ಹಾಕಾಕೆ ಹೋದಳು. ನಾನು ಕೈ ಅಡ್ಡ ಇಟ್ಟೆ.

“ದನದ ಸಂತೇಲಿ ಬೇಕಾದ ಎತ್ತಿನ ಕಡೆ ಮೊದಲು ತಿರುಗಿ ನೋಡಬಾರದು ಕಣವ್ವ, ರೇಟು ಏರುತ್ತೆ. ಬೇಡದ ನಾಲ್ಕು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಬೇಕು. ಹೊರಡೋವಾಗ, ‘ಅದ್ಯಾವುದು ಆ ಬಡಕಲು?’ ಅಂತ ಕೇಳಬೇಕು. ಬೇಕಾದ್ದನ್ನ ಕಟ್ಟಕಡೆಗೆ ಹಾಕು.”

ಅಂಗಡಿಯೋನು, “ಅಜ್ಜಾ, ಮೇಲೆ ಹಾಕಿದ್ದನ್ನೇ ಮೊದಲು ಕೊಡೋದು” ಅಂದ.

“ನೀನು ಎಷ್ಟು ಎತ್ತು ಮಾರಿದೀಯ?” ಅಂದೆ.

ಮೊಮ್ಮಗಳು ಅವನ ಕಿವೀಲಿ ಏನೋ ಹೇಳಿ, ನಾನು ಹೇಳಿದ ಹಂಗೇ ತುಂಬಿದಳು. ವಾರದಲ್ಲಿ ಪಟ್ಟಿ ಬಂತು. ಎಲ್ಲೋ ದೂರದ ಎಂಜಿನಿಯರಿಂಗ್ ಕಾಲೇಜು, ಓದೋ ವಿಷಯದ ಹೆಸರು ನಮ್ಮ ಮನೇಲಿ ಯಾರ ಬಾಯಿಗೂ ಹತ್ತಲಿಲ್ಲ. ಮಗ, ಹೈಸ್ಕೂಲಿಗೆ ಹೋಗೋ ತನ್ನ ಸಣ್ಣ ಮಗನ ಕೈಲಿ ಓಣಿಗೆಲ್ಲ ಸಕ್ಕರೆ ಹಂಚಿಸಿದ. ನಾನು ಎರಡು ದಿನ ಮೊಮ್ಮಗಳ ಎದುರಿಗೆ ಕೂತು ಉಣ್ಣಲಿಲ್ಲ.

ಅವಳೇ ಬಂದು ಹೇಳಿದಳು: “ಅಜ್ಜ, ಇದು ಬರೀ ಅಣಕು ಪಟ್ಟಿ. ಬದಲಾಯಿಸಾಕೆ ಬರುತ್ತೆ ಅಂತ ಗೊತ್ತಿದ್ದೇ ನಿನ್ನ ಮಾತು ಕೇಳಿದ್ದು. ಈ ಸಲ ಬೇಕಾದ್ದನ್ನೇ ಮೇಲೆ ಹಾಕ್ತೀನಿ, ನೀನು ಅಂಗಡಿ ಹೊರಗೆ ಬೀಡಿ ಸೇದ್ತಾ ಇರು.”

ಹೊರಗೆ ಕೂತು ಯೋಚನೆ ಮಾಡಿದೆ. ನಲವತ್ತು ವರ್ಷದಲ್ಲಿ, ಹಲ್ಲು ನೋಡಿ ಬಿಟ್ಟ ಎತ್ತು ಒಂದಾದರೂ ಆ ಕಾಲೇಜಿನ ಹಂಗೆ ನನ್ನ ಹಿಂದೆ ಮನೆಗೆ ಬಂದಿರಲಿಲ್ಲ.

ಟವಲಿನ ಕೆಳಗೆ

ಅಸಲಿ ಪಟ್ಟಿಗೆ ಇನ್ನೂ ನಾಲ್ಕು ದಿನ ಇತ್ತು. ಅಷ್ಟರಲ್ಲಿ ದಾವಣಗೆರೆ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿಂದ ಫೋನು ಬಂತು. ಮಾರ್ಕ್ಸ್ ಚೆನ್ನಾಗೈತೆ, ಅರ್ಧ ಫೀ ಮಾಫಿ, ಇವತ್ತೇ ಬರ್ರಿ ಅಂದರು. ಮಗನ ಮನಸ್ಸು ಜಾರಿತು. “ಆ ಪಟ್ಟೀಲಿ ಹೆಸರು ಬರದಿದ್ರೆ ಆಮೇಲೆ ಇದೂ ಇರಲ್ಲ” ಅಂತ ಹೊರಟೇಬಿಟ್ಟ. ಬಸ್ಸಿನಲ್ಲಿ ಮೊಮ್ಮಗಳು ಮಾರ್ಕ್ಸ್ ಕಾರ್ಡಿನ ಕವರು ಎದೆಗೆ ಒತ್ತಿಕೊಂಡು ಕೂತಿದ್ದಳು.

ಅಲ್ಲಿ ಟೈ ಕಟ್ಟಿದ ಒಬ್ಬ ಹುಡುಗ. “ಐದು ಗಂಟೆ ಒಳಗೆ ಸೈನ್ ಮಾಡಿ ಅಸಲಿ ಮಾರ್ಕ್ಸ್ ಕಾರ್ಡ್ ಕೊಡಿ ಸಾರ್. ನಾಳೆ ಈ ಆಫರ್ ಇರಲ್ಲ.”

ಮಗ ಪೆನ್ನು ಕೇಳಿದ. ನಾನು ಮುಂದೆ ಸರಿದೆ.

ದನದ ಸಂತೇಲಿ ವ್ಯಾಪಾರ ಬಾಯಲ್ಲಿ ಆಗಲ್ಲ. ಪಕ್ಕದೋರಿಗೆ ಗೊತ್ತಾಗಬಾರದು ಅಂತ ಟವಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳಲ್ಲೇ ಲೆಕ್ಕ ಹೇಳ್ತಾರೆ. ಹೆಗಲ ಟವಲು ತೆಗೆದು ಆ ಹುಡುಗನ ಎಡಗೈ ಮೇಲೆ ಹಾಕಿ, ಅವನ ನಾಲ್ಕು ಬೆರಳು ಗಟ್ಟಿಯಾಗಿ ಹಿಡಿದೆ. ನಾಲ್ಕು ದಿನ ಟೈಮ್ ಕೊಡು ಅಂತ.

ಹುಡುಗ ಕೈ ಎಳ್ಕೊಳ್ಳಲಿಲ್ಲ. ಅತ್ತಿತ್ತ ನೋಡಿ ಮೆಲ್ಲಗೆ ಬಗ್ಗಿದ. “ಅಜ್ಜಾರೇ, ನೀವು ಕೈ ನೋಡಿ ಭವಿಷ್ಯ ಹೇಳ್ತೀರಾ?”

“ನಲವತ್ತು ವರ್ಷದಿಂದ ಜನರ ಕೈ ಹಿಡಿದೇ ಬದುಕಿದೀನಿ” ಅಂದೆ. ಸುಳ್ಳೇನೂ ಹೇಳಲಿಲ್ಲ.

“ಹಂಗಾದ್ರೆ ಹೇಳ್ರಿ, ನನ್ನ ಮದುವೆ ಯಾಕೆ ಆಗವಲ್ದು? ಮೂರು ಕಡೆ ಹೆಣ್ಣು ನೋಡಿ ಬಂದೆ. ಮೂರೂ ಕಡೆ ಆಮೇಲೆ ತಿಳಿಸ್ತೀವಿ ಅಂದೋರು ಇನ್ನೂ ತಿಳಿಸಿಲ್ಲ.”

ನಾನು ಕಣ್ಣು ಮುಚ್ಚಿದೆ. “ನೀನು ಕಂಡೋರ ಹೆಣ್ಮಕ್ಕಳ ಕೈಲಿ ಅವಸರದಾಗೆ ಸೈನ್ ಹಾಕಿಸ್ತೀಯಪ್ಪ. ರೇಖೇಲಿ ಎದ್ದು ಕಾಣ್ತೈತೆ. ನಾಲ್ಕು ದಿನ ಯಾರಿಗೂ ಅವಸರ ಮಾಡಬೇಡ, ನಿನ್ನ ದಾರಿ ತೆರೆಯುತ್ತೆ.”

“ಟವಲಿನ ಕೆಳಗೆ ರೇಖೆ ಹೆಂಗೆ...” ಅಂತ ಮಗ ಬಾಯಿ ತೆರೆದ. ಅವನ ಕಾಲು ತುಳಿದೆ.

ಹುಡುಗ ಫಾರಂ ಡ್ರಾಯರಿಗೆ ಹಾಕಿ ಎದ್ದು ನಿಂತ. “ನಾಲ್ಕು ದಿನ ಸೀಟು ಹಿಡಿದಿಟ್ಟಿರ್ತೀನಿ ಸಾರ್. ನಿಧಾನವಾಗಿ ವಿಚಾರ ಮಾಡ್ರಿ.”

ನಾಲ್ಕನೇ ದಿನ ಅಸಲಿ ಪಟ್ಟಿ ಬಂತು. ಮೊಮ್ಮಗಳಿಗೆ ಸರ್ಕಾರಿ ಪಶುವೈದ್ಯ ಕಾಲೇಜು. ಮಗ ಮೊಬೈಲನ್ನು ಮೂರು ಸಲ ಕಣ್ಣಿನ ಹತ್ತಿರ ಹಿಡಿದು ನೋಡಿ, ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದ. ಆಮೇಲೆ, ಬೈಸಿಕೊಳ್ಳಾಕೆ ರೆಡಿಯಾಗಿ, ಆ ಟೈ ಹುಡುಗನಿಗೆ ಫೋನ್ ಹಚ್ಚಿ ನಾವು ಬರಲ್ಲ ಅಂದ.

“ಬಿಡ್ರಿ ಸಾರ್, ಪರವಾಗಿಲ್ಲ” ಅಂದ ಹುಡುಗ. “ನಿನ್ನೆ ಚನ್ನಗಿರಿ ಕಡೆಯೋರು ಹುಡುಗಿ ಫೋಟೋ ಕಳಿಸಿದಾರೆ! ಅವರು ಒಪ್ತಾರೋ ಇಲ್ವೋ, ಅಜ್ಜಾರನ್ನ ಒಂಚೂರು ಕೇಳಿ ಹೇಳ್ರಿ.”

ಮಗ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದ.

“ಎಡಗೈಲಿ ಇದ್ದದ್ದು ಅಷ್ಟೇ, ಉಳಿದಿದ್ದು ಬಲಗೈಲಿ ಐತೆ ಅಂತ ಹೇಳು” ಅಂದೆ. “ನಿನ್ನ ಸಣ್ಣ ಮಗ ಪಿಯುಸಿ ಮುಗಿಸ್ಲಿ. ಅವನ ಅಡ್ಮಿಷನ್ನಿಗೆ ಬಂದಾಗ ಅದನ್ನ ಹಿಡಿತೀನಿ.”