ಚಂದ್ರಾಮ ಕಾಣದ ದಿನದ ಗುಳಿಗೆ

ಬೇರೆಯವರಿಗೆ ಬುದ್ಧಿ ಹೇಳುವವರ ಪಜೀತಿ ಯಾವತ್ತೂ ಮುಗಿಯುವುದಿಲ್ಲ. ಗಂಗಾವತಿ ಕಡೆಯ ಒಂದು ಕಾಲುವೆ ಊರಿನ ಆಸ್ಪತ್ರೆಯಲ್ಲಿ ನಾನು ನರ್ಸ್. ನಾನು ಹೇಳಿದ ಬುದ್ಧಿ ಊರೆಲ್ಲ ಸುತ್ತಿ, ವೇಷ ಬದಲಿಸಿಕೊಂಡು, ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಲ್ಲಿ ಹೇಳುವವೆಲ್ಲ ಒಂದೇ ಮಳೆಗಾಲದಲ್ಲಿ ಆದವು.

ಸೂರ್ಯ, ಚಂದ್ರ

ಭತ್ತದ ನಾಟಿಗೆ ಕುಷ್ಟಗಿ ಕಡೆಯಿಂದ ಕೂಲಿ ಗುಂಪುಗಳು ಬಂದು ಕಾಲುವೆ ದಂಡೆಯ ಶೆಡ್ಡುಗಳಲ್ಲಿ ಇರುತ್ತವೆ. ಅಂಥ ಒಂದು ಗುಂಪಿನ ಹೆಣ್ಣುಮಗಳು, ತಾವರಗೇರಾದವಳು, ತಲೆ ಸುತ್ತುತ್ತದೆ ಎಂದು ಬಂದಳು. ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ ಎಂದೇ ಕರೆದೆ. ಡಾಕ್ಟರು ನೋಡಿ ಬಿಪಿ ಎಂದ ಕೂಡಲೇ ಅವಳ ಮುಖ ಸಣ್ಣದಾಯಿತು.

“ನನ್ನ ತಂಗೀಗೂ ಇದ ಇತ್ರಿ. ಲಕ್ವಾ ಹೊಡದು ಬಲಗೈ ಬಿದ್ದು ಹೋತು. ಮಂಗಳೂರಾಗ ಮನ್ಯಾಗ ಕುಂತಾಳ. ನಾಟಿ ಹಚ್ಚಾಕ ಎರಡೂ ಕೈ ಬೇಕ್ರಿ ನರ್ಸ್ ಬಾಯಾರ.”

ಮಂಗಳೂರು ಎಂದರೆ ಸಮುದ್ರದ್ದಲ್ಲ, ನಮ್ಮ ಯಲಬುರ್ಗಾ ಕಡೆಯದು. ಅವಳ ಎರಡೂ ಕೈ ಉಳಿಸಬೇಕು ಎಂದು ನನಗೂ ಹಟ ಹುಟ್ಟಿತು. ಅವಳಿಗೆ ಓದು ಬರದು. ಅದಕ್ಕೆ ಗುಳಿಗೆಯ ಒಂದು ಪೊಟ್ಟಣದ ಮೇಲೆ ಸೂರ್ಯನನ್ನು ಬರೆದೆ, ಬೆಳಿಗ್ಗೆಗೆ. ಇನ್ನೊಂದರ ಮೇಲೆ ಚಂದ್ರನನ್ನು ಬರೆದೆ, ರಾತ್ರಿಗೆ. ಎಂಥಾ ಜಾಣೆ ನಾನು ಎಂದು ಇಡೀ ದಿನ ಬೀಗಿದೆ.

ಹದಿನೈದು ದಿನಕ್ಕೆ ಬಂದಳು. ಬಿಪಿ ಇಳಿದಿರಲಿಲ್ಲ. ಚಂದ್ರನ ಪೊಟ್ಟಣದಲ್ಲಿ ಹನ್ನೊಂದು ಗುಳಿಗೆ ಹಾಗೇ ಇದ್ದವು.

“ಇವನ್ನ ಯಾಕ ತಗೊಂಡಿಲ್ಲ?”

“ಬರೇ ಮೋಡ ಇತ್ತಲ್ರಿ. ದಿನಾ ಹೊರಗ ಬಂದು ನೋಡೀನಿ. ಚಂದ್ರಾಮ ಕಂಡಿದ್ದ ನಾಕ ದಿನ, ನುಂಗಿದ್ದ ನಾಕ ಗುಳಗಿ. ಅಮಾಸಿ ದಿನ ಬಿಪಿಗೂ ಸೂಟಿ ಇರತೈತಿ ಅಂದ್ಕೊಂಡೆ.”

ಅವಳು ಚಿತ್ರವನ್ನು ಸರಿಯಾಗಿಯೇ ಓದಿದ್ದಳು. ಬರೆದ ಜಾಣೆಗೇ ಬುದ್ಧಿ ಇರಲಿಲ್ಲ.

ಓದು ಬರುವವರ ಕಥೆ

ಹಾಗಂತ ಓದಿದವರು ಸರಳವೇನಲ್ಲ. ಊರಿನ ಸಾಲಿಯ ನಿವೃತ್ತ ಹೆಡ್‌ಮಾಸ್ತರರಿಗೂ ಬಿಪಿ. ಗುಳಿಗೆ ಡಬ್ಬಿಯಲ್ಲಿ ಮಡಚಿಟ್ಟ ಇಂಗ್ಲಿಷ್ ಚೀಟಿ ಇರುತ್ತದಲ್ಲ, ಅದನ್ನು ಈ ಭೂಮಿಯ ಮೇಲೆ ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿ, ಅದರಲ್ಲಿದ್ದ ತೊಂದರೆಗಳೆಲ್ಲ ತಮಗೆ ಬಂದಿವೆ ಎಂದು ಗುಳಿಗೆಯನ್ನೇ ಬಿಟ್ಟುಬಿಟ್ಟರು.

ಒಂದು ದಿನ ಆ ಚೀಟಿ ಹಿಡಿದುಕೊಂಡು ಜಗಳಕ್ಕೇ ಬಂದರು. “ಒಣ ಕೆಮ್ಮು, ಆತು. ಕಾಲು ಬಾವು, ಆತು. ಬಸುರಿ ಹೆಂಗಸರು ತಗೋಬಾರದು ಅಂತನೂ ಬರದಾರ. ಇದನ್ನ ನೀವು ನನಗ ಯಾಕ ಹೇಳಲಿಲ್ಲ?”

ಬೆಂಚಿನ ಮೇಲೆ ಕುಳಿತಿದ್ದ ಅಕ್ಕ ಭಾಳ ಕಾಳಜಿಯಿಂದ ಕೇಳಿದಳು: “ಎಷ್ಟು ತಿಂಗಳಾತ್ರಿ ಮಾಸ್ತರ?”

ಒಂದೇ ಗಡಿಗೆ

ಚಂದ್ರನ ಗೊಂದಲ ಬಿಡಿಸಿದ ಮೇಲೂ ಅಕ್ಕನ ಬಿಪಿ ಇಳಿಯಲಿಲ್ಲ. ನನಗೆ ಹೆದರಿಕೆಯಾಯಿತು. ಅವಳು ಒಂದೊಂದು ಸಲ ಬಂದಾಗಲೂ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ಗುಳಿಗೆಯ ಜೊತೆಗೆ ಉಪ್ಪನ್ನೂ ಕಡಿಮೆ ಮಾಡು ಎಂದು ಹೇಳಿ ಕಳಿಸಿದೆ.

ವಾರಕ್ಕೆ ಅವರ ಗುಂಪಿನ ಒಂಬತ್ತೂ ಮಂದಿ ಆಸ್ಪತ್ರೆಯ ಮುಂದೆ ನಿಂತಿದ್ದರು. ಗುಂಪಿನ ಹಿರಿಯ ಅಹವಾಲು ಇಟ್ಟ: “ಬಿಪಿ ಬಂದಿದ್ದು ಆಕೀಗೆ ಒಬ್ಬಾಕೀಗೆ. ಸಪ್ಪನ ಸಾರು ಬಂದಿದ್ದು ನಮಗೆಲ್ಲಾರಿಗೂ!”

“ಆಕಿ ಪಾಲು ಮೊದಲು ತಗದಿಟ್ಟು, ಆಮ್ಯಾಲೆ ಉಪ್ಪು ಹಾಕ್ಕೋರಿ.”

“ಅದು ಆಗಂಗಿಲ್ರಿ. ಒಂದ ಗಡಿಗಿ, ಒಂದ ರುಚಿ. ಬ್ಯಾರೆ ಬ್ಯಾರೆ ತಿಂದ್ರ ಗುಂಪು ಉಳಿಯಂಗಿಲ್ಲ. ನಮ್ಮಾಗ ಏನ ಬರಲಿ, ಹಂಚಿ ತಿಂತೀವಿ.”

ಏನು ಬಂದರೂ ಎಂದದ್ದು ಕೇಳಿ ನನಗೆ ಅನುಮಾನ ಬಂತು. ಅಕ್ಕನ ಕಡೆ ತಿರುಗಿ, “ಗುಳಗಿ ಹ್ಯಾಂಗ ತಗೋತೀ?” ಎಂದೆ.

ಅವಳು ನೆಲ ನೋಡಿದಳು. “ಎಂಟು ಮಂದಿ ನೋಡಕೋಂತ ಕುಂತಾಗ ನಾನೊಬ್ಬಾಕಿ ಹ್ಯಾಂಗ ತಿನ್ನಲಿರಿ? ಪುಡಿ ಮಾಡಿ ಸಾರಿಗೆ ಹಾಕತೀನಿ.”

ನಾನು ಡಾಕ್ಟರನ್ನು ಕೂಗಿದೆ. ಹಿರಿಯ ಮಾತ್ರ ಗೆದ್ದವನಂತೆ ಗುಂಪಿನ ಕಡೆ ತಿರುಗಿದ: “ನಾ ಹೇಳಲಿಲ್ಲೇನು? ಸಾರು ಸಪ್ಪಗ ಅಷ್ಟ ಅಲ್ಲ, ಕಹಿನೂ ಐತಿ ಅಂತ!”

ಸೌದಾ

ಗುಳಿಗೆ ಹಂಚುವಂಥದ್ದಲ್ಲ ಎಂದು ಎಲ್ಲರನ್ನೂ ಕೂರಿಸಿ ಹೇಳಿದೆ. ಒಂಬತ್ತೂ ಜನರ ಬಿಪಿ ನೋಡಿದೆವು. ಹಿರಿಯನದೂ ಏರಿತ್ತು. ಅವತ್ತಿನಿಂದ ಸಪ್ಪನ ಸಾರಿನ ಬಗ್ಗೆ ಅವನು ತುಟಿ ಬಿಚ್ಚಲಿಲ್ಲ.

ಇತ್ತ ಬೆಂಚಿನ ಮೇಲೆ ಮಾಸ್ತರರಿಗೂ ಅಕ್ಕನಿಗೂ ಒಂದು ಸೌದಾ ಕುದುರಿತ್ತು. ಮಾಸ್ತರರು ಅವಳಿಗೆ ಅಂಕಿ ಕಲಿಸಬೇಕು, ಅವಳು ತನ್ನ ಕಣ್ಣೆದುರಿಗೇ ಅವರಿಗೆ ಗುಳಿಗೆ ನುಂಗಿಸಬೇಕು. ಹತ್ತರವರೆಗೆ ಕಲಿಸಿದರೆ ಸಾಲದು, ಮಷಿನ್ನಿನಲ್ಲಿ ಬರುವಷ್ಟೂ ಬೇಕು ಎಂದು ಅವಳ ಹಟ. ಭತ್ತದ ಗದ್ದೆ ಹಸಿರು ತಿರುಗುವ ಹೊತ್ತಿಗೆ ಅವಳು ಬಿಪಿ ಮಷಿನ್ನಿನ ಮುಂದೆ ಕುಳಿತು ತಾನೇ ಓದಿದಳು: “ನೂರಾ ಮೂವತ್ತು. ಕೆಳಗ ಎಂಬತ್ತು.” ಆಮೇಲೆ ತನ್ನ ಎರಡೂ ಕೈಗಳನ್ನು ನೋಡಿಕೊಂಡು ನಕ್ಕಳು. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ.

“ಇನ್ನ ನಿಮ್ದು ನೋಡೂಣು, ಬರ್ರಿ,” ಎಂದಳು.

“ನನಗೇನಾಗೇತಿ? ನಾನು ನರ್ಸು. ನನಗ ಎಲ್ಲಾ ಗೊತ್ತೈತಿ.”

“ಕೈ ಕೊಡ್ರಿ.”

ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಮಷಿನ್ನು ಉಸಿರು ಬಿಟ್ಟಿತು. ಅಕ್ಕ ಒಂದೊಂದೇ ಅಂಕಿ ಕೂಡಿಸಿ ಓದಿದಳು: “ನೂರಾ... ಅರವತ್ತೆಂಟು.” ಮಾಸ್ತರರು ಬಗ್ಗಿ ನೋಡಿ, “ಬರೋಬ್ಬರಿ ಓದ್ಯಾಳ,” ಎಂದು ಮಾರ್ಕ್ಸ್ ಕೊಟ್ಟರು.

ಡಾಕ್ಟರು ಬಂದು ಎರಡು ಸಲ ನೋಡಿದರು. ಇಳಿಯಲಿಲ್ಲ. ಎಷ್ಟು ವರ್ಷ ಆಯಿತು ನೋಡಿಸಿಕೊಂಡು ಎಂದು ಕೇಳಿದರು. ನೋಡಿಸಿಕೊಂಡಿದ್ದರೆ ತಾನೇ ಹೇಳುವುದು! ಊರ ಮಂದಿಯ ತೋಳಿಗೆಲ್ಲ ಪಟ್ಟಿ ಸುತ್ತಿದವಳಿಗೆ ತನಗೂ ಒಂದು ತೋಳಿದೆ ಎಂಬುದೇ ಮರೆತುಹೋಗಿತ್ತು. ಡಾಕ್ಟರು ನನಗೂ ಗುಳಿಗೆ ಬರೆದರು.

ಮಾಸ್ತರರು ಡಬ್ಬಿಯೊಳಗಿನ ಚೀಟಿಗೆ ಕೈ ಹಾಕಿದರು. “ಓದಿ ಹೇಳ್ಲೇನು?”

ಅಕ್ಕ ಚೀಟಿಯನ್ನು ಕಸಿದುಕೊಂಡು ಕಸದ ಬುಟ್ಟಿಗೆ ಹಾಕಿದಳು. ನನ್ನ ಮೇಜಿನಿಂದ ಪೆನ್ನು ತೆಗೆದುಕೊಂಡು, ಗುಳಿಗೆಯ ಪೊಟ್ಟಣದ ಮೇಲೆ ಡೊಂಕಾದ ಒಂದು ಚಂದ್ರನನ್ನು ಬರೆದು ನನ್ನ ಕೈಗಿಟ್ಟಳು.

“ಕಾಣಲಿ ಬಿಡಲಿ, ದಿನಾ ನುಂಗ್ರಿ ಬಾಯಾರ. ಮತ್ತ ಸಾರಿಗೆ ಹಾಕಬ್ಯಾಡ್ರಿ.”