ಬೆಳಕಿಗೆ ಹಿಡಿದು ಆರಿಸಿದ ಹಲ್ಲು

ಮನೆಯಲ್ಲಿ ನಾಲ್ಕು ಕತ್ತರಿಗಳಿದ್ದರೂ ಪ್ಯಾಕೆಟ್ ಬಿಚ್ಚುವಾಗ ನಮ್ಮವರಿಗೆ ನೆನಪಾಗುವುದು ಹಲ್ಲೇ. ಧಾರವಾಡ ಬಿಟ್ಟು ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಇಂಜಿನಿಯರ್ ಎನಿಸಿಕೊಂಡ ಮೇಲೂ ನನ್ನಿಂದ ಈ ಚಟ ಹೋಗಿಲ್ಲ. ಅತ್ತೆಯವರು ಕಳಿಸಿದ ಶೇಂಗಾ ಚಟ್ನಿಯ ಪ್ಯಾಕೆಟ್ಟಿಗೆ ಬಾಯಿ ಹಾಕಿ ಎಳೆದೆ. ಪ್ಯಾಕೆಟ್ಟಿಗೆ ಏನೂ ಆಗಲಿಲ್ಲ, ನನ್ನ ಮುಂದಿನ ಹಲ್ಲು ಅರ್ಧ ಮುರಿದು ಕೈಗೆ ಬಂತು.

ಡೆಂಟಿಸ್ಟ್ ಹತ್ತಿರ ಹೋಗಲು ಪುಕ್ಕಲುತನ. ನಾಳೆ, ನಾಡಿದ್ದು ಎನ್ನುತ್ತಾ ತುಟಿ ಬಿಗಿದುಕೊಂಡೇ ದಿನ ದೂಡಿದೆ. ಇದರಿಂದ ಆಫೀಸಿನಲ್ಲಿ ಲಾಭವೇ ಆಯಿತು. ಮೀಟಿಂಗಿನಲ್ಲಿ ಸುಮ್ಮನೆ ಕೂತು ತಲೆಯಾಡಿಸುವ ನನ್ನನ್ನು ಭಾರಿ ವಿಚಾರವಂತ ಎಂದುಕೊಂಡರು. ಇಷ್ಟು ವರ್ಷ ಮಾತಾಡಿ ಗಳಿಸದ ಮರ್ಯಾದೆಯನ್ನು ಅರ್ಧ ಹಲ್ಲು ಗಳಿಸಿಕೊಟ್ಟಿತು.

ಪೆಟ್ಟು ಬಿದ್ದದ್ದು ಮನೆಯಲ್ಲಿ. ಲೀಡ್ಸ್‌ನಲ್ಲಿ ಕೆಲಸದಲ್ಲಿರುವ ಮಗಳು ಸಹನಾ ವೀಕೆಂಡಿಗೆ ಬಂದವಳು, ಅಲ್ಲೇ ಓದುತ್ತಿರುವ ಮಂಗಳೂರಿನ ಜೋಯಲ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಕ್ರಿಶ್ಚಿಯನ್, ನಾವು ಲಿಂಗಾಯತರು. ಅಪ್ಪ ಏನೆನ್ನುತ್ತಾನೋ ಎಂಬ ಅಂಜಿಕೆ ಅವಳಿಗೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಆದರೆ ಅಂಥ ಗಳಿಗೆಯಲ್ಲಿ ಈ ಬೊಕ್ಕ ಬಾಯಿ ತೆರೆಯುವುದು ಹೇಗೆ? "ಹೂಂ" ಎಂದು ತಲೆಯಾಡಿಸಿ ಎದ್ದುಹೋದೆ. ಮರುದಿನ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಹೊರಟುಹೋದಳು. ಹೆಂಡತಿ ಶೈಲಾ ಫೋನಿನಲ್ಲಿ ಹಲ್ಲಿನ ಕಥೆ ಹೇಳಿದರೆ, ಅಪ್ಪನ ಸಿಟ್ಟು ಮುಚ್ಚಿಡಲು ಕಥೆ ಕಟ್ಟಬೇಡ ಎಂದಳಂತೆ. ಕೇಳಿದವನೇ ಡೆಂಟಿಸ್ಟಿಗೆ ಫೋನ್ ಹಚ್ಚಿದೆ. ಮಗಳಿಗಿಂತ ಹಲ್ಲು ದೊಡ್ಡದಾಯಿತೇ ನನಗೆ?

ಡೆಂಟಿಸ್ಟ್ ಒಬ್ಬ ಹಸನ್ಮುಖಿ ಹುಡುಗಿ. ಬೇರು ಗಟ್ಟಿಯಾಗಿದೆ, ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಕೂಡಿಸೋಣ ಎಂದಳು. ಹೆದರಿದಷ್ಟು ನೋವೇನೂ ಆಗಲಿಲ್ಲ. ಕ್ಯಾಪಿನ ಬಣ್ಣ ಆರಿಸುವ ದಿನ ಜೊತೆಗೆ ಬಂದಿದ್ದ ಶೈಲಾ, ಮಾದರಿ ಹಲ್ಲುಗಳ ಸಾಲನ್ನು ಕಂಡದ್ದೇ ತಡ, "ಲೈಟಿನಾಗ ಬಣ್ಣ ತಿಳಿಯಂಗಿಲ್ರಿ, ಹೊರಗ ಬರ್ರಿ" ಎಂದು ನನ್ನ ತೋಳು ಹಿಡಿದೆಳೆದಳು. ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲೂ ಅವಳದು ಇದೇ ಪದ್ಧತಿ. ಕಾರ್ ಪಾರ್ಕಿನಲ್ಲಿ, ಹೋಗಿಬರುವವರೆದುರು ನಾನು ಹಲ್ಲು ಕಿರಿದು ನಿಂತೆ. ಹಿಂದೆಯೇ ಬಂದ ಡೆಂಟಿಸ್ಟ್ ಬೈಯುತ್ತಾಳೆಂದುಕೊಂಡರೆ, ಹಗಲ ಬೆಳಕಿನಲ್ಲೇ ನೋಡಬೇಕು, ನಿಮ್ಮ ಹೆಂಡತಿ ಮಾಡಿದ್ದೇ ಸರಿ ಎಂದಳು! ಎಲ್ಲಕ್ಕಿಂತ ಬೆಳ್ಳಗಿರುವುದೇ ಬೇಕೆಂದು ನಾನು ಅಂದದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಇಷ್ಟು ವರ್ಷಗಳ ಚಹಾಕ್ಕೆ ಒಪ್ಪುವ ಬಣ್ಣವನ್ನೇ ಹುಡುಕಿ ತೆಗೆದರು.

ಕ್ಯಾಪ್ ಕೂತ ಮೇಲಿನ ಭಾನುವಾರ, ಶೈಲಾ ಒತ್ತಾಯ ಮಾಡಿ ಕರೆದದ್ದಕ್ಕೆ, ಸಹನಾ ಜೋಯಲ್‌ನನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಬಾಯಿತುಂಬ ನಕ್ಕು ಸ್ವಾಗತಿಸಿದೆ. ಅವಳು ನಗಲಿಲ್ಲ. ನನ್ನ ಬಾಯನ್ನೇ ದಿಟ್ಟಿಸಿ, "ಯಾವ ಹಲ್ಲು ಅಪ್ಪಾ? ಎಲ್ಲಾ ಒಂದೇ ಥರ ಇವೆಯಲ್ಲ" ಎಂದಳು. ಕ್ಯಾಪ್ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ ಸಾಕ್ಷಿಯೇ ಅಳಿಸಿಹೋಗಿತ್ತು. ಹಲ್ಲು ಮುರಿದದ್ದು ನಿಜ, ಆಣೆ ಮಾಡಿ ಹೇಳುತ್ತೇನೆ ಎಂದು ಗೋಗರೆದೆ. ಆ ದಿನ ಸಿಟ್ಟಿರಲಿಲ್ಲ ಮಗಳೇ, ಖುಷಿಯಾಗಿತ್ತು ಎಂದೂ ಹೇಳಿದೆ. ಅವಳ ಕಣ್ಣು ತುಂಬಿಬಂತು, ಆದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಆಗ ಜೋಯಲ್ ಮುಂದೆ ಬಗ್ಗಿ ನೋಡಿ, "ಇದಲ್ವಾ ಅಂಕಲ್? ನೋಡಿದ್ರೆ ಗೊತ್ತಾಗುತ್ತೆ, ಸ್ವಲ್ಪ ಸೊಟ್ಟ ಕೂರಿಸಿದ್ದಾರೆ" ಎಂದು ಬೆರಳು ತೋರಿಸಿದ. ಸಹನಾ ಬಗ್ಗಿ ನೋಡಿ, ಹೌದಲ್ವಾ ಎಂದು ಹಗುರಾಗಿ ನಕ್ಕುಬಿಟ್ಟಳು. ಅದು ನನ್ನ ಸ್ವಂತ ಹಲ್ಲು, ಹುಟ್ಟಿದಾಗಿನಿಂದಲೂ ಸೊಟ್ಟ, ಇಷ್ಟು ವರ್ಷ ಮಗಳ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಶೈಲಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅಳಿಯನ ಬೆನ್ನು ತಟ್ಟಿ, ಸರಿಯಾಗಿ ಕಂಡುಹಿಡಿದೆಯಪ್ಪಾ, ಈ ಡೆಂಟಿಸ್ಟುಗಳಿಗೆ ಕೆಲಸವೇ ಬರುವುದಿಲ್ಲ ಎಂದೆ.